ಬ್ಯಾರೆಲ್ ಬದಲಿಸುವ ಮೊದಲು ಸ್ಕ್ರೂ ಮುಟ್ಟಿ ನೋಡಿ

ಪ್ರಶ್ನೆ: ಬೇಟೆಗೆಂದು ಕಡಿಮೆ ಬೆಲೆಯ .308 (0.308 ಇಂಚು ವ್ಯಾಸದ ಗುಂಡಿನ) ಬೋಲ್ಟ್ ಆಕ್ಷನ್ (ಕೈಯಿಂದ ಬೋಲ್ಟ್ ಎಳೆದು ತೋಟೆ ತುಂಬುವ) ರೈಫಲ್ ಒಂದನ್ನು ತೆಗೆದುಕೊಂಡಿದ್ದೇನೆ. ಪ್ಲಾಸ್ಟಿಕ್ ಸ್ಟಾಕ್ (ಭುಜಕ್ಕೆ ಒರಗಿಸಿ ಹಿಡಿಯುವ ಭಾಗ), ಸಪೂರ ಬ್ಯಾರೆಲ್, ಜೊತೆಯಲ್ಲೇ ಬಂದ ಸ್ಕೋಪ್ (ಗುರಿ ಹಿಡಿಯುವ ದೂರದರ್ಶಕ). 100 ಮೀಟರ್‌ನಲ್ಲಿ ಮೂರು ಗುಂಡು ಹೊಡೆದರೆ ಒಮ್ಮೆ 3 ಸೆಂ.ಮೀ. ಒಳಗೆ ಬೀಳುತ್ತವೆ, ಮತ್ತೊಮ್ಮೆ 9 ಸೆಂ.ಮೀ. ಹರಡುತ್ತವೆ. ಟ್ರಿಗರ್ ಕೂಡ ಬಹಳ ಬಿಗಿ. ಹೊಸ ಬ್ಯಾರೆಲ್ ಹಾಕಿಸಲೇ, ಸ್ಟಾಕ್ ಬದಲಿಸಲೇ, ಅಥವಾ ಇದನ್ನು ಮಾರಿ ಬೇರೆ ಕೊಳ್ಳಲೇ?

ಉತ್ತರ: ಮಾರಬೇಡಿ. ಬ್ಯಾರೆಲ್‌ಗೂ ಸದ್ಯಕ್ಕೆ ಕೈ ಹಾಕಬೇಡಿ. ನೀವು ಬದಲಿಸಬೇಕು ಅಂದುಕೊಂಡಿರುವುದರಲ್ಲಿ ಎಲ್ಲಕ್ಕಿಂತ ದುಬಾರಿ ಭಾಗ ಅದು. ನಿಮ್ಮ ರೈಫಲ್‌ನಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವ ಭಾಗವೂ ಬಹುಶಃ ಅದೇ.

ಯಾಕೆ ಅಂತ ಹೇಳುತ್ತೇನೆ. ಬ್ಯಾರೆಲ್ ಮಾಡುವುದು ಈಗ ಹೆಚ್ಚಾಗಿ ಯಂತ್ರಗಳ ಕೆಲಸ. ಗಟ್ಟಿ ಅಚ್ಚಿನ ಸರಳಿನ ಸುತ್ತ ಉಕ್ಕಿನ ಕೊಳವೆಯನ್ನು ಸುತ್ತಿಗೆಗಳಿಂದ ಬಡಿಸಿ ಒಳಗಿನ ರೈಫ್ಲಿಂಗ್ (ಗುಂಡನ್ನು ತಿರುಗಿಸುವ ಸುರುಳಿ ಗೆರೆಗಳು) ಮೂಡಿಸುವುದು ಒಂದು ವಿಧಾನ. ಕಾರ್ಬೈಡ್ ಬಟನ್ ಒಂದನ್ನು ತೂತಿನೊಳಗೆ ಎಳೆದು ಗೆರೆ ಒತ್ತುವುದು ಇನ್ನೊಂದು. ಎರಡರಲ್ಲೂ ಸಾವಿರಾರು ಬ್ಯಾರೆಲ್‌ಗಳು ಹೆಚ್ಚುಕಮ್ಮಿ ಒಂದೇ ಅಳತೆಗೆ ಬರುತ್ತವೆ. ಹಾಗಾಗಿ ಅಗ್ಗದ ರೈಫಲ್ ಮಾಡುವವರು ದುಡ್ಡು ಉಳಿಸುವುದು ಇಲ್ಲಲ್ಲ. ಸ್ಟಾಕ್‌ನಲ್ಲಿ, ಟ್ರಿಗರ್‌ನಲ್ಲಿ, ಮೇಲಿನ ಪಾಲಿಶ್‌ನಲ್ಲಿ, ಮ್ಯಾಗಜೀನ್‌ನಲ್ಲಿ, ಜೊತೆಗೆ ಕೊಡುವ ಸ್ಕೋಪ್‌ನಲ್ಲಿ. ಅಂದರೆ ನಳಿಗೆ ಚೆನ್ನಾಗಿದೆ, ಅದನ್ನು ಹಿಡಿದುಕೊಂಡಿರುವುದು ಚೆನ್ನಾಗಿಲ್ಲ. ನಾವು ಸರಿಮಾಡಬೇಕಾದ್ದು ಆ ಹಿಡಿತವನ್ನು.

ಅದಕ್ಕೂ ಮುಂಚೆ ಒಂದು ಮಾತು. ನಿಮ್ಮ 3 ಸೆಂ.ಮೀ. ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ಹರಡುವಿಕೆ) ರೈಫಲ್ ಒಳ್ಳೆಯದು ಅನ್ನುವುದಕ್ಕೆ ಸಾಕ್ಷಿಯಲ್ಲ. 9 ಸೆಂ.ಮೀ. ಗ್ರೂಪ್ ಅದು ಕೆಟ್ಟದ್ದು ಅನ್ನುವುದಕ್ಕೂ ಸಾಕ್ಷಿಯಲ್ಲ. ಮೂರು ಗುಂಡು ಒಂದರ ಪಕ್ಕ ಒಂದು ಬೀಳುವುದು ಕೆಲವೊಮ್ಮೆ ಬರೀ ಅದೃಷ್ಟ. ಒಂದೇ ರೈಫಲ್, ಒಂದೇ ತೋಟೆ, ಒಂದೇ ಕೈ ಇಟ್ಟುಕೊಂಡು ಲೆಕ್ಕ ಹಾಕಿದರೆ, ಮೂರು ಗುಂಡಿನ ಗ್ರೂಪ್ ಸರಾಸರಿ 3 ಸೆಂ.ಮೀ. ಬರುವಲ್ಲಿ ಐದು ಗುಂಡಿನದು ಸರಾಸರಿ 3.8 ಸೆಂ.ಮೀ., ಹತ್ತು ಗುಂಡಿನದು 4.7 ಸೆಂ.ಮೀ. ಬರುತ್ತದೆ. ರೈಫಲ್ ಏನೂ ಕೆಟ್ಟಿಲ್ಲ. ಜಾಸ್ತಿ ಹೊಡೆದಷ್ಟೂ ನಿಜ ಹೊರಗೆ ಬರುತ್ತದೆ, ಅಷ್ಟೇ. ಜೇಬಿನಲ್ಲಿ ಒಂದೇ ಒಂದು ಮೂರು ಗುಂಡಿನ ಹಾಳೆ ಇಟ್ಟುಕೊಂಡು ಎಲ್ಲರಿಗೂ ತೋರಿಸುತ್ತಾ ಓಡಾಡುವವರನ್ನು ನಾನು ಬಹಳ ಜನ ನೋಡಿದ್ದೇನೆ. ಒಂದು ಕಾಲದಲ್ಲಿ ನಾನೂ ಹಾಗೇ ಓಡಾಡಿದವನೇ.

ಸಪೂರ ಬ್ಯಾರೆಲ್‌ನಲ್ಲಿ ಒಂದೇ ಸಲ ಹತ್ತು ಹೊಡೆಯಬೇಡಿ, ಕಾಯ್ದು ಹೋಗುತ್ತದೆ. ಹೀಗೆ ಮಾಡಿ. ಮೂರು ಹೊಡೆಯಿರಿ, ಬೋಲ್ಟ್ ತೆರೆದಿಟ್ಟು ತಣ್ಣಗಾಗಲು ಬಿಡಿ. ಬ್ಯಾರೆಲ್ ಮೇಲೆ ಕೈ ಇಟ್ಟರೆ ಬಿಸಿ ಅನ್ನಿಸಬಾರದು, ಆಮೇಲೆ ಮುಂದಿನ ಮೂರು. ಹೀಗೆ ಐದು ಹಾಳೆ ಮಾಡಿ. ಸ್ಕೋಪ್ ತಿರುಗಿಸದೆ, ಪ್ರತಿ ಹಾಳೆಯಲ್ಲೂ ನಡುವಿನ ಚುಕ್ಕೆಗೇ ಗುರಿ ಹಿಡಿಯಿರಿ. ಮನೆಗೆ ಬಂದು ಐದನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಬೆಳಕಿಗೆ ಹಿಡಿದು, ತೂತುಗಳನ್ನೆಲ್ಲ ಒಂದೇ ಹಾಳೆಗೆ ಇಳಿಸಿಕೊಳ್ಳಿ. ಆ ಹದಿನೈದು ತೂತುಗಳ ಹಾಳೆಯೇ ನಿಮ್ಮ ರೈಫಲ್‌ನ ಅಸಲಿ ಮುಖ. ಮುಂದೆ ಮಾಡುವ ಪ್ರತಿ ಬದಲಾವಣೆಯನ್ನೂ ಇದರ ಜೊತೆ ಹೋಲಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ. ಸ್ಟಾಕ್, ಸ್ಕೋಪ್, ತೋಟೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ದೇವರಿಗೂ ಗೊತ್ತಾಗಲ್ಲ.

ಎಷ್ಟು ನಿಖರತೆ ಬೇಕು ಅನ್ನುವುದನ್ನೂ ಈಗಲೇ ತೀರ್ಮಾನಿಸಿಕೊಳ್ಳಿ. 1 ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ, 100 ಮೀಟರ್‌ನಲ್ಲಿ 2.9 ಸೆಂ.ಮೀ. ಜಿಂಕೆ ಗಾತ್ರದ ಪ್ರಾಣಿಯ ಹೃದಯ, ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂ.ಮೀ. ಅಗಲ. 2 ಎಂಒಎ ರೈಫಲ್ 200 ಮೀಟರ್‌ನಲ್ಲಿ 11.6 ಸೆಂ.ಮೀ. ಒಳಗೆ ಹೊಡೆಯುತ್ತದೆ. ಅಂದರೆ ಗುರಿ ಹಿಡಿದ ಜಾಗದಿಂದ ಆಚೀಚೆ 6 ಸೆಂ.ಮೀ. ಬೇಟೆಗೆ ಇದು ಸಾಕು. ಒಂದೂವರೆ ಎಂಒಎ ಬಂದರೆ ಹಬ್ಬ. ಅದಕ್ಕಿಂತ ಕೆಳಗೆ ಇಳಿಸಲು ಹೊರಟರೆ ಅದು ಬೇಟೆಗಾಗಿ ಅಲ್ಲ, ಹವ್ಯಾಸಕ್ಕಾಗಿ. ತಪ್ಪೇನಿಲ್ಲ, ಆದರೆ ಗೊತ್ತಿದ್ದು ಮಾಡಿ.

ಈಗ ಸ್ಕ್ರೂಗಳು. ಮೊದಲು ಮ್ಯಾಗಜೀನ್ ತೆಗೆಯಿರಿ, ಚೇಂಬರ್‌ಗೆ (ತೋಟೆ ಕೂರುವ ಗೂಡು) ಕಣ್ಣು ಹಾಕಿ, ಬೆರಳೂ ಹಾಕಿ ಖಾಲಿ ಇದೆ ಅಂತ ಖಚಿತ ಮಾಡಿಕೊಳ್ಳಿ. ತೋಟೆಗಳು ಬೇರೆ ಕೋಣೆಯಲ್ಲಿರಲಿ. ಇದನ್ನು ಇನ್ನೊಮ್ಮೆ ಬರೆಯುವುದಿಲ್ಲ, ಕೆಳಗಿನ ಪ್ರತಿ ಕೆಲಸಕ್ಕೂ ಇದು ಅನ್ವಯ.

ಆಕ್ಷನ್ ಅನ್ನು (ಬೋಲ್ಟ್ ಓಡಾಡುವ ಉಕ್ಕಿನ ಭಾಗ) ಸ್ಟಾಕ್‌ಗೆ ಹಿಡಿಸಿರುವ ಎರಡು ಸ್ಕ್ರೂಗಳಿರುತ್ತವೆ, ಕೆಲವದರಲ್ಲಿ ಮೂರು. ಅವು ಎಷ್ಟು ಬಿಗಿಯಾಗಿವೆ ಅನ್ನುವುದು ಗ್ರೂಪ್ ಮೇಲೆ ನೇರವಾಗಿ ಕಾಣುತ್ತದೆ. ಅಂದಾಜಿನಲ್ಲಿ ಬಿಗಿಸಬೇಡಿ. ಬಿಗಿತ ಅಳೆದು ತಿರುಗಿಸುವ ಟಾರ್ಕ್ ವ್ರೆಂಚ್ ಒಂದು ಕೊಳ್ಳಿ. ಈ ರೈಫಲ್‌ಗಾಗಿ ಮಾಡುವ ಮೊದಲ ಖರ್ಚು ಅದೇ ಆಗಲಿ. ಬರೀ ಪ್ಲಾಸ್ಟಿಕ್ ಮೇಲೆ ಕೂರುವ ಆಕ್ಷನ್‌ಗೆ ಸಾಮಾನ್ಯವಾಗಿ 30ರಿಂದ 35 ಇಂಚ್ ಪೌಂಡ್, ಅಂದರೆ 4 ನ್ಯೂಟನ್ ಮೀಟರ್ ಆಸುಪಾಸು ಸಾಕಾಗುತ್ತದೆ. ಒಳಗೆ ಲೋಹದ ಪಿಲ್ಲರ್ ಅಥವಾ ಅಲ್ಯೂಮಿನಿಯಂ ಬ್ಲಾಕ್ ಇದ್ದರೆ 55ರಿಂದ 65 ಇಂಚ್ ಪೌಂಡ್‌ವರೆಗೂ ಹೋಗಬಹುದು. ನಿಮ್ಮ ರೈಫಲ್‌ನ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ, ನನ್ನದನ್ನು ಬಿಟ್ಟುಬಿಡಿ.

ಬಿಗಿಸುವ ರೀತಿಯೂ ಮುಖ್ಯ. ಸ್ಕ್ರೂಗಳನ್ನು ಸ್ವಲ್ಪ ಸಡಿಲ ಬಿಟ್ಟು, ರೈಫಲ್‌ನ ಹಿಂಭಾಗವನ್ನು ನೆಲಕ್ಕೆ ಊರಿ, ಮೂತಿ ಮೇಲೆ ಮಾಡಿ ನಿಲ್ಲಿಸಿ. ಎರಡು ಮೂರು ಸಲ ಮೆಲ್ಲಗೆ ನೆಲಕ್ಕೆ ಕುಟ್ಟಿ. ಆಗ ಆಕ್ಷನ್ ಕೆಳಗೆ ಜಾರಿ ರಿಕಾಯ್ಲ್ ಲಗ್ (ಒದೆತವನ್ನು ಸ್ಟಾಕ್‌ಗೆ ದಾಟಿಸುವ ಉಕ್ಕಿನ ತುಂಡು) ತನ್ನ ಜಾಗಕ್ಕೆ ಒರಗಿ ಕೂರುತ್ತದೆ. ಅದೇ ಭಂಗಿಯಲ್ಲಿ ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ, ಎರಡು ಕಂತಿನಲ್ಲಿ ಬಿಗಿಸಿ. ಹೀಗೆ ಕೂರಿಸದಿದ್ದರೆ ಮೊದಲ ಐದಾರು ಗುಂಡಿನ ಒದೆತವೇ ಅದನ್ನು ಹಿಂದಕ್ಕೆ ತಳ್ಳಿ ಕೂರಿಸುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಗುರಿ ಜಾಗ ಬದಲಿಸಿರುತ್ತದೆ. ಬಿಗಿಸಿದ ಮೇಲೆ ಮ್ಯಾಗಜೀನ್ ಸಲೀಸಾಗಿ ಹೋಗಿ ಬರುತ್ತದಾ ನೋಡಿ. ಒಳಗೆ ಮ್ಯಾಗಜೀನ್ ಪೆಟ್ಟಿಗೆ ಆಕ್ಷನ್‌ಗೂ ಕೆಳಗಿನ ಪಟ್ಟಿಗೂ ನಡುವೆ ಸಿಕ್ಕಿಕೊಂಡಿದ್ದರೆ ನೀವು ಎಷ್ಟು ಬಿಗಿಸಿದರೂ ಆಕ್ಷನ್ ಪೂರ್ತಿ ಕೂರುವುದಿಲ್ಲ.

ಇನ್ನು ಸ್ಕೋಪ್‌ನ ಸ್ಕ್ರೂಗಳು. ಇಲ್ಲಿ ನನ್ನದೇ ಕಥೆ ಹೇಳಬೇಕು. ನನ್ನ ಮೊದಲ ಅಗ್ಗದ ರೈಫಲ್ ನಿಮ್ಮದರ ಹಾಗೇ ಕಾಡಿಸಿತ್ತು. ಏಳು ಬಗೆಯ ತೋಟೆ ಹೊಡೆದು ನೋಡಿದೆ. ಬ್ಯಾರೆಲ್ ಉಜ್ಜಿ ಉಜ್ಜಿ ಕೈ ನೋವು ಬಂತು. ಪ್ರತಿ ಸಲವೂ ಎರಡು ಗುಂಡು ಒಂದು ಕಡೆ, ಮೂರನೆಯದು ಎಲ್ಲೋ. ಒಂದು ಸಂಜೆ ಸ್ಕೋಪ್ ಬಿಚ್ಚಿ, ಕೆಳಗಿನ ಬೇಸ್ (ಸ್ಕೋಪ್ ಕೂರುವ ಲೋಹದ ಪೀಠ) ಮೇಲೆ ಸುಮ್ನೆ ಬೆರಳಿಟ್ಟು ಒತ್ತಿದೆ. ಹಿಂದಿನ ಬೇಸ್ ಕೂದಲೆಳೆಯಷ್ಟು ಅಲುಗಿತು. ಸ್ಕ್ರೂ ತೆಗೆದು ನೋಡಿದರೆ ಕಾರ್ಖಾನೆಯ ಎಣ್ಣೆ ಇನ್ನೂ ಮೆತ್ತಿಕೊಂಡೇ ಇತ್ತು. ಅರ್ಧ ಸುತ್ತು ಬಾಕಿ. ಆ ಅರ್ಧ ಸುತ್ತಿಗಾಗಿ ನಾನು ಸುಟ್ಟ ತೋಟೆಯ ದುಡ್ಡಿನಲ್ಲಿ ಒಳ್ಳೆಯ ಸ್ಕೋಪ್ ಬರುತ್ತಿತ್ತು.

ಹಾಗಾಗಿ ಸ್ಕೋಪ್ ಪೂರ್ತಿ ಇಳಿಸಿ. ಬೇಸ್‌ನ ಸ್ಕ್ರೂ, ಅದರ ತೂತು ಎರಡನ್ನೂ ಸ್ಪಿರಿಟ್‌ನಲ್ಲಿ ಒರೆಸಿ ಎಣ್ಣೆ ತೆಗೆಯಿರಿ. ನೀಲಿ ಬಣ್ಣದ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ತಡೆಯುವ ಅಂಟು) ಒಂದು ಸಣ್ಣ ಹನಿ ಹಾಕಿ 20 ಇಂಚ್ ಪೌಂಡ್ ಆಸುಪಾಸು ಬಿಗಿಸಿ. ಸ್ಕೋಪ್ ಹಿಡಿಯುವ ರಿಂಗ್‌ಗಳ ಸ್ಕ್ರೂಗೆ 15ರಿಂದ 18 ಸಾಕು, ಒಣಗಿದ್ದೇ ಇರಲಿ, ಎರಡೂ ಬದಿಯ ಸಂದು ಸಮ ಇರಲಿ. ಇದಕ್ಕಿಂತ ಹೆಚ್ಚು ಬಿಗಿಸಿದರೆ ಸ್ಕೋಪ್‌ನ ಕೊಳವೆ ಹಿಸುಕಿಹೋಗುತ್ತದೆ. ಮುಂದಿನ ಬೇಸ್‌ನ ಮೊದಲ ಸ್ಕ್ರೂ ಬಗ್ಗೆ ಎಚ್ಚರ. ಅದು ಬೇಕಾದ್ದಕ್ಕಿಂತ ಉದ್ದ ಇದ್ದರೆ ತುದಿ ಹೋಗಿ ಬ್ಯಾರೆಲ್‌ನ ತಿರುಪು ಗೆರೆಗೆ ತಗಲುತ್ತದೆ. ಸ್ಕ್ರೂ ಬಿಗಿಯಾಯಿತು ಅಂತ ಕೈಗೆ ಅನ್ನಿಸುತ್ತದೆ, ಬೇಸ್ ಮಾತ್ರ ಸಡಿಲವಾಗೇ ಇರುತ್ತದೆ.

ಜೊತೆಗೆ ಬಂದ ಸ್ಕೋಪ್ ಮೇಲೆ ನನಗೆ ಅನುಮಾನ ಜಾಸ್ತಿ. ಪರೀಕ್ಷೆ ಸುಲಭ. ಒಂದು ಗುಂಡು ಹೊಡೆಯಿರಿ. ಸ್ಕೋಪ್‌ನ ತಿರುಪು 20 ಕ್ಲಿಕ್ ಮೇಲೆ, ಒಂದು ಗುಂಡು. 20 ಬಲಕ್ಕೆ, ಒಂದು. 20 ಕೆಳಗೆ, ಒಂದು. 20 ಎಡಕ್ಕೆ, ಕೊನೆಯದು. ಗುರಿ ಹಿಡಿಯುವುದು ಯಾವಾಗಲೂ ಅದೇ ಚುಕ್ಕೆಗೆ. ಕಾಲು ಎಂಒಎ ಕ್ಲಿಕ್ ಆದರೆ 100 ಮೀಟರ್‌ನಲ್ಲಿ ಸುಮಾರು 14.5 ಸೆಂ.ಮೀ. ಬದಿಯ ಚೌಕ ಮೂಡಬೇಕು, ಕೊನೆಯ ಗುಂಡು ಮೊದಲನೆಯದರ ಪಕ್ಕ ಬರಬೇಕು. ಚೌಕ ಸೊಟ್ಟಗಾದರೆ, ಕೊನೆಯ ಗುಂಡು ಮನೆಗೆ ವಾಪಸ್ ಬರದಿದ್ದರೆ ಸ್ಕೋಪ್ ಒಳಗೆ ಏನೋ ಅಲುಗಾಡುತ್ತಿದೆ. ಒಂದೊಂದೇ ಗುಂಡು ಆದ್ದರಿಂದ ನಿಮ್ಮ ಗ್ರೂಪ್‌ನಷ್ಟು ಹೆಚ್ಚುಕಮ್ಮಿಗೆ ರಿಯಾಯಿತಿ ಕೊಡಿ. ಇದಕ್ಕಿಂತ ಖಚಿತವಾದ ದಾರಿ ಅಂದರೆ ಗೆಳೆಯರೊಬ್ಬರ ಪಳಗಿದ ಸ್ಕೋಪ್ ಒಂದು ದಿನಕ್ಕೆ ಎರವಲು ತಂದು ಹಾಕಿ ನೋಡುವುದು. ಹರಡುವಿಕೆ ಅರ್ಧಕ್ಕೆ ಇಳಿದರೆ ಕಳ್ಳ ಸಿಕ್ಕಿದ ಹಾಗೆ. ಹೊಸ ಬ್ಯಾರೆಲ್‌ಗೆ ಎತ್ತಿಟ್ಟ ದುಡ್ಡಿದ್ದರೆ ಅದು ಹೋಗಬೇಕಾದ ಜಾಗ ಇದು. ಒಳ್ಳೆಯ ಸ್ಕೋಪ್ ಈ ರೈಫಲ್ ಹೋದ ಮೇಲೂ ನಿಮ್ಮ ಜೊತೆ ಉಳಿಯುತ್ತದೆ.

ಸ್ಟಾಕ್‌ಗೆ ಬರೋಣ. ಒಂದು ಕಾಗದದ ಪಟ್ಟಿ ತೆಗೆದುಕೊಂಡು ಬ್ಯಾರೆಲ್‌ಗೂ ಸ್ಟಾಕ್‌ಗೂ ನಡುವೆ ತೂರಿಸಿ, ಮುಂದಿನಿಂದ ಆಕ್ಷನ್‌ವರೆಗೆ ಎಳೆಯಿರಿ. ಎಲ್ಲೂ ತಡೆಯದೆ ಬಂತಾ? ಸಂತೋಷ ಪಡಬೇಡಿ, ಅರ್ಧ ಪರೀಕ್ಷೆ ಮಾತ್ರ ಮುಗಿದಿದೆ. ಈಗ ಸ್ಟಾಕ್‌ನ ಮುಂಗೈ ಭಾಗವನ್ನು ರೆಸ್ಟ್ (ಬಂದೂಕು ಇಡುವ ಆಸರೆ) ಮೇಲೆ ಇಟ್ಟು, ಹೊಡೆಯುವಾಗ ಹಾಕುವಷ್ಟೇ ಭಾರ ಹಾಕಿ, ಇನ್ನೊಬ್ಬರಿಗೆ ಕಾಗದ ಎಳೆಯಲು ಹೇಳಿ. ಅಗ್ಗದ ಪ್ಲಾಸ್ಟಿಕ್ ಸ್ಟಾಕ್‌ಗಳಲ್ಲಿ ಮುಕ್ಕಾಲು ಪಾಲು ಇಲ್ಲಿ ಸಿಕ್ಕಿಬೀಳುತ್ತವೆ. ಮುಂಭಾಗದ ಒಳಗೆ ಟೊಳ್ಳು, ತೆಳ್ಳನೆಯ ಅಡ್ಡಗೋಡೆಗಳು ಮಾತ್ರ. ಕೈಯಲ್ಲಿ ಹಿಸುಕಿದರೆ ಬಾಗಿ ಬ್ಯಾರೆಲ್‌ಗೆ ತಗಲುತ್ತದೆ. ಬೈಪಾಡ್ (ಎರಡು ಕಾಲಿನ ಆಸರೆ) ಹಾಕಿದರೆ ಇನ್ನೂ ಕೆಟ್ಟದ್ದು. ಒಂದು ಗುಂಡಿಗೆ ತಗಲಿ ಇನ್ನೊಂದಕ್ಕೆ ತಗಲದಿದ್ದರೆ ಬ್ಯಾರೆಲ್ ಒಂದೊಂದು ಸಲ ಒಂದೊಂದು ಥರ ಕಂಪಿಸುತ್ತದೆ. 3 ಸೆಂ.ಮೀ. ಮತ್ತು 9 ಸೆಂ.ಮೀ. ನಡುವೆ ಓಡಾಡುವ ನಿಮ್ಮ ಗ್ರೂಪ್‌ಗೆ ಇದೇ ಕಾರಣ ಇರಬಹುದು ಅಂತ ನನ್ನ ಊಹೆ. ಸ್ಕೋಪ್ ಎರಡನೇ ಆರೋಪಿ.

ಪರಿಹಾರಕ್ಕೆ ಹೊಸ ಸ್ಟಾಕ್ ಬೇಕೇಬೇಕು ಅಂತಿಲ್ಲ. ಗುಂಡಗಿರುವ ಕೋಲಿಗೆ ಮರಳು ಕಾಗದ ಸುತ್ತಿ, ಬ್ಯಾರೆಲ್ ಕೂರುವ ಚಾನಲ್ ಉಜ್ಜಿ, ಬ್ಯಾರೆಲ್ ಸುತ್ತ ಎರಡು ಮಿಲಿಮೀಟರ್ ಜಾಗ ಮಾಡಿ. ಆಮೇಲೆ ಟೊಳ್ಳು ಭಾಗಕ್ಕೆ ಉದ್ದಕ್ಕೂ ಎರಡು ಕಾರ್ಬನ್ ಫೈಬರ್ ಕಡ್ಡಿ ಮಲಗಿಸಿ ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಿ. ಮುರಿದ ಬಾಣದ ಕಡ್ಡಿಯೂ ಆಗುತ್ತದೆ. ಇಲ್ಲಿ ಹೊಸಬರು ಒಂದು ತಪ್ಪು ಮಾಡುತ್ತಾರೆ. ಈ ಸ್ಟಾಕ್‌ಗಳ ಪ್ಲಾಸ್ಟಿಕ್‌ಗೆ ಎಪಾಕ್ಸಿ ಸರಿಯಾಗಿ ಅಂಟುವುದಿಲ್ಲ. ಗಟ್ಟಿಯಾದ ಮೇಲೆ ಬಿಸ್ಕತ್ತಿನ ಹಾಗೆ ಇಡೀ ತುಂಡು ಎದ್ದು ಬರುತ್ತದೆ. ಅದಕ್ಕೇ ಒಳಗೋಡೆಗಳನ್ನು ಒರಟು ಮಾಡಿ, ಅಡ್ಡಗೋಡೆಗಳಿಗೆ ಅಲ್ಲಲ್ಲಿ ತೂತು ಕೊರೆಯಿರಿ. ಎಪಾಕ್ಸಿ ತೂತಿನೊಳಗೆ ಹರಿದು ಗಟ್ಟಿಯಾಗಿ ಬೀಗ ಹಾಕಿಕೊಳ್ಳುತ್ತದೆ. ತುಂಬುವಾಗ ಸ್ಟಾಕ್ ನೇರವಾಗಿ, ಸಮತಟ್ಟಾಗಿ ಇರಲಿ. ಬಾಗಿದ ಭಂಗಿಯಲ್ಲಿ ಗಟ್ಟಿಯಾದರೆ ಬಾಗಿಯೇ ಉಳಿಯುತ್ತದೆ.

ಬೆಡ್ಡಿಂಗ್ ಬಗ್ಗೆ ನೀವು ಕೇಳಿಲ್ಲ, ಆದರೆ ಈ ಉತ್ತರದಲ್ಲಿ ನನಗೆ ಇಷ್ಟವಾದ ಭಾಗ ಅದು. ಆಕ್ಷನ್ ಅಡಿ ಉಕ್ಕು, ಸ್ಟಾಕ್‌ನ ಮೇಲ್ಮೈ ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್. ಎರಡೂ ಪೂರ್ತಿ ಒಂದಕ್ಕೊಂದು ಕೂರುವುದಿಲ್ಲ. ಎಲ್ಲೋ ಮೂರು ಕಡೆ ತಗಲಿರುತ್ತದೆ, ಉಳಿದದ್ದು ಗಾಳಿ. ಸ್ಕ್ರೂ ಬಿಗಿಸಿದರೆ ಆಕ್ಷನ್ ಬಾಗುತ್ತದೆ. ಬೆಡ್ಡಿಂಗ್ ಅಂದರೆ ಆ ಗಾಳಿಯ ಜಾಗಕ್ಕೆ ಉಕ್ಕಿನ ಪುಡಿ ಸೇರಿಸಿದ ಎಪಾಕ್ಸಿ ತುಂಬಿ, ಆಕ್ಷನ್‌ಗೆ ಅದರದ್ದೇ ಅಚ್ಚಿನ ಹಾಸಿಗೆ ಮಾಡಿಕೊಡುವುದು. ನಿಮಗೆ ಬೇಕಾಗಿರುವುದು ರಿಕಾಯ್ಲ್ ಲಗ್ ಜಾಗ ಮತ್ತು ಹಿಂದಿನ ಸ್ಕ್ರೂ ಸುತ್ತ, ಅಷ್ಟೇ. ಕೆಲವು ಅಗ್ಗದ ರೈಫಲ್‌ಗಳಲ್ಲಿ ಲಗ್ ಆಕ್ಷನ್‌ನಲ್ಲಿರದೆ, ಸ್ಟಾಕ್‌ನಲ್ಲಿ ಕೂರಿಸಿದ ಉಕ್ಕಿನ ತುಂಡಾಗಿರುತ್ತದೆ. ಆ ತುಂಡು ಅಲುಗದ ಹಾಗೆ ಎಪಾಕ್ಸಿ ಹಾಕಿದರೇ ಅರ್ಧ ಕೆಲಸ ಮುಗಿಯುತ್ತದೆ.

ಮಾಡುವಾಗ ಲಗ್‌ನ ಮುಂದೆ, ಎರಡು ಪಕ್ಕ ಮತ್ತು ಅಡಿಗೆ ಒಂದೊಂದು ಪದರ ಟೇಪ್ ಅಂಟಿಸಿ. ಹಿಂಬದಿ ಮಾತ್ರ ಬರಿದಾಗಿರಲಿ. ಒದೆತದ ಭಾರ ಹೊರಬೇಕಾದ್ದು ಅದೊಂದೇ. ಟೇಪ್ ತೆಗೆದ ಮೇಲೆ ಉಳಿಯುವ ಸಣ್ಣ ಸಂದಿನಿಂದ ಆಕ್ಷನ್ ಸಲೀಸಾಗಿ ಮೇಲೆ ಬರುತ್ತದೆ. ಟ್ರಿಗರ್ ಗೂಡು, ಮ್ಯಾಗಜೀನ್ ಜಾಗ, ಲೋಹದ ಪ್ರತಿಯೊಂದು ತೂತಿಗೂ ಮಕ್ಕಳು ಆಡುವ ಜೇಡಿಮಣ್ಣು ತುಂಬಿ. ರಿಲೀಸ್ ಏಜೆಂಟ್ (ಎಪಾಕ್ಸಿ ಅಂಟದಂತೆ ತಡೆಯುವ ಲೇಪ) ಎರಡು ಕೈ ಬಳಿಯಿರಿ. ಸ್ಕ್ರೂಗಳಿಗೂ, ಅವುಗಳ ತಿರುಪು ಗೆರೆಗಳಿಗೂ ಬಳಿಯಿರಿ. ಬಳಿದೆ ಅಂದುಕೊಂಡ ಮೇಲೆ ಇನ್ನೊಮ್ಮೆ ನೋಡಿ. ಒಂದು ಕಡೆ ಮರೆತರೂ ರೈಫಲ್ ಮತ್ತು ಸ್ಟಾಕ್ ಜನ್ಮಾಂತರದ ಜೋಡಿಯಾಗಿಬಿಡುತ್ತವೆ. ಸ್ಕ್ರೂಗಳನ್ನು ಕೈಬಿಗಿಯಷ್ಟೇ ತಿರುಗಿಸಿ, ಟಾರ್ಕ್ ಬೇಡ. ಒಂದು ಪೂರ್ತಿ ದಿನ ಬಿಡಿ. ಕದ್ದು ತೆಗೆದು ನೋಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಧೈರ್ಯ ಇಲ್ಲದಿದ್ದರೆ ಗನ್‌ಸ್ಮಿತ್‌ಗೆ ಕೊಡಿ. ಅವರಿಗೆ ಇದು ದಿನನಿತ್ಯದ ಕೆಲಸ.

ಟ್ರಿಗರ್. ನಿಮ್ಮ ರೈಫಲ್ ತೂಕ ಮೂರು ಮೂರೂವರೆ ಕಿಲೋ ಇರಬಹುದು. ಟ್ರಿಗರ್ ಎಳೆಯಲು ಎರಡೂವರೆ ಕಿಲೋ ಬಲ ಬೇಕಾದರೆ ಎಳೆಯುವ ಬೆರಳೇ ರೈಫಲ್ ಅನ್ನು ಪಕ್ಕಕ್ಕೆ ಎಳೆಯುತ್ತದೆ. ಬೇಟೆಯ ರೈಫಲ್‌ಗೆ 1.2ರಿಂದ 1.6 ಕಿಲೋ ಒಳ್ಳೆಯದು. ಅದಕ್ಕಿಂತ ಕಡಿಮೆ ಬೇಡ. ಚಳಿಯಲ್ಲಿ ಮರಗಟ್ಟಿದ ಬೆರಳಿಗೆ ಟ್ರಿಗರ್ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ಹೊಂದಿಸುವ ಸ್ಕ್ರೂ ಇದ್ದರೆ ಪುಸ್ತಕ ಹೇಳಿದ ಮಿತಿಯೊಳಗೆ ಹೊಂದಿಸಿ. ಇಲ್ಲದಿದ್ದರೆ ನಿಮ್ಮ ಮಾದರಿಗೆಂದೇ ಮಾಡಿದ ಟ್ರಿಗರ್ ಕೊಂಡು ಹಾಕಿಸಿ. ಸ್ಪ್ರಿಂಗ್ ಕತ್ತರಿಸುವುದು, ಸಿಯರ್‌ಗೆ (ಟ್ರಿಗರ್ ಒಳಗಿನ ಹಿಡಿಕೊಕ್ಕೆ) ಅರ ಹಾಕುವುದು, ಯಾರೋ ಮಾಡಿದ ವಿಡಿಯೋ ನೋಡಿ ಉಜ್ಜುವುದು, ಇವೆಲ್ಲ ಬೇಡವೇ ಬೇಡ. ಏನೇ ಮಾಡಿದರೂ ಕೊನೆಗೆ ಖಾಲಿ ರೈಫಲ್‌ನಲ್ಲಿ ಪರೀಕ್ಷೆ ಮಾಡಿ. ಬೋಲ್ಟ್ ಅನ್ನು ಹತ್ತು ಸಲ ಜೋರಾಗಿ ಹೊಡೆದು ಮುಚ್ಚಿ. ಕಾಕ್ ಆಗಿರುವಾಗ (ಹೊಡೆಯಲು ಸಜ್ಜಾಗಿರುವಾಗ) ಹಿಂಭಾಗಕ್ಕೆ ರಬ್ಬರ್ ಸುತ್ತಿಗೆಯಿಂದ ಕುಟ್ಟಿ. ಸೇಫ್ಟಿ ಹಾಕಿ ಟ್ರಿಗರ್ ಎಳೆದು ಬಿಟ್ಟು, ಆಮೇಲೆ ಸೇಫ್ಟಿ ತೆಗೆಯಿರಿ. ಇದರಲ್ಲಿ ಯಾವಾಗಲಾದರೂ, ಒಂದೇ ಒಂದು ಸಲವಾದರೂ, ಫೈರಿಂಗ್ ಪಿನ್ (ತೋಟೆಗೆ ಬಡಿದು ಸಿಡಿಸುವ ಮೊಳೆ) ಬಿದ್ದ ಸದ್ದು ಕೇಳಿದರೆ ಆ ರೈಫಲ್‌ಗೆ ತೋಟೆ ತುಂಬಬೇಡಿ. ನೇರ ಗನ್‌ಸ್ಮಿತ್ ಹತ್ತಿರ.

ತೋಟೆಯ ಆಯ್ಕೆ ಮಾತ್ರ ರೈಫಲ್‌ಗೇ ಬಿಡಿ. ಯಾವ ಬಂದೂಕಿಗೆ ಯಾವ ತೋಟೆ ರುಚಿಸುತ್ತದೆ ಅನ್ನುವುದನ್ನು ಮೊದಲೇ ಹೇಳಲು ಬರುವುದಿಲ್ಲ. ಒಂದೇ ಕಾರ್ಖಾನೆಯಿಂದ ಒಂದೇ ದಿನ ಬಂದ ಎರಡು ರೈಫಲ್‌ಗಳು ಬೇರೆ ಬೇರೆ ತೋಟೆ ಕೇಳುವುದುಂಟು. .308ಕ್ಕೆ 150, 165 ಮತ್ತು 180 ಗ್ರೇನ್ (ಗುಂಡಿನ ತೂಕದ ಅಳತೆ) ತೂಕಗಳಲ್ಲಿ ಒಟ್ಟು ನಾಲ್ಕು ಬಗೆ ತನ್ನಿ. ಪ್ರತಿಯೊಂದರಲ್ಲೂ ಮೊದಲು ಹೇಳಿದ ಹಾಗೆ ಹಾಳೆ ಮಾಡಿ. ದುಬಾರಿಯದೇ ಗೆಲ್ಲಬೇಕು ಅಂತಿಲ್ಲ. ಗೆದ್ದದ್ದು ಸಿಕ್ಕಾಗ ಪೆಟ್ಟಿಗೆಯ ಮೇಲಿನ ಲಾಟ್ ನಂಬರ್ ನೋಡಿ, ಅದೇ ನಂಬರ್‌ನ ನಾಲ್ಕೈದು ಪೆಟ್ಟಿಗೆ ಒಟ್ಟಿಗೆ ಕೊಂಡಿಡಿ.

ಬ್ಯಾರೆಲ್‌ನ ಟ್ವಿಸ್ಟ್, ಅಂದರೆ ರೈಫ್ಲಿಂಗ್ ಎಷ್ಟು ಇಂಚಿಗೆ ಒಂದು ಸುತ್ತು ಅನ್ನುವುದು, ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಗುಂಡು ಉದ್ದವಾದಷ್ಟೂ ಅದನ್ನು ನೇರ ಹಾರಿಸಲು ಜಾಸ್ತಿ ಗಿರಕಿ ಬೇಕು. ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ ಅನ್ನುವ ಇಂಗ್ಲಿಷ್ ಗಣಿತಜ್ಞರು 1879ರಲ್ಲಿ ಕೊಟ್ಟ ಒಂದು ಸರಳ ಸೂತ್ರ ಸೀಸದ ಗುಂಡುಗಳಿಗೆ ಈಗಲೂ ನಡೆಯುತ್ತದೆ. ಗುಂಡಿನ ವ್ಯಾಸವನ್ನು ಅದರಿಂದಲೇ ಗುಣಿಸಿ, 150ರಿಂದ ಗುಣಿಸಿ, ಗುಂಡಿನ ಉದ್ದದಿಂದ ಭಾಗಿಸಿ. ಎಲ್ಲ ಇಂಚಿನಲ್ಲಿ. ನಿಮ್ಮ .308ರಲ್ಲಿ 1.2 ಇಂಚು ಉದ್ದದ ಗುಂಡಿಗೆ ಸುಮಾರು 11.9 ಬರುತ್ತದೆ. ಅಂದರೆ 12 ಇಂಚಿಗೆ ಒಂದು ಸುತ್ತಿನ ಬ್ಯಾರೆಲ್‌ಗೆ ಅದು ಅಂಚಿನ ಗುಂಡು, 10 ಇಂಚಿನದಕ್ಕೆ ಆರಾಮ. ಹಾಳೆಯಲ್ಲಿ ಗುಂಡನೆ ತೂತಿನ ಬದಲು ಉದ್ದುದ್ದ ತೂತು ಕಂಡರೆ ಗುಂಡು ಅಡ್ಡ ತಿರುಗಿ ಬಡಿಯುತ್ತಿದೆ ಅಂತ ಅರ್ಥ. ಆ ತೋಟೆ ಬಿಟ್ಟುಬಿಡಿ.

ಸ್ವಚ್ಛತೆ ಬಗ್ಗೆ ಉದ್ದುದ್ದ ಹೇಳುವುದಿಲ್ಲ. ಹೊಸ ರೈಫಲ್‌ನ ಒಳಗೆ ತಾಮ್ರದ ಪದರ ಬೇಗ ಕೂರುತ್ತದೆ. ಅಮೋನಿಯಾ ಇರುವ ಸಾಲ್ವೆಂಟ್ ಹಾಕಿದರೆ ಬಟ್ಟೆ ತುಂಡು ನೀಲಿ ಬಣ್ಣದಲ್ಲಿ ಹೊರಬರುತ್ತದೆ, ನೀಲಿ ನಿಲ್ಲುವವರೆಗೆ ಉಜ್ಜಿ. ಹಿತ್ತಾಳೆ ಜ್ಯಾಗ್ (ಬಟ್ಟೆ ಸಿಕ್ಕಿಸುವ ರಾಡ್ ತುದಿ) ಬಳಸಿದರೆ ನೀಲಿ ನಿಲ್ಲುವುದೇ ಇಲ್ಲ, ಯಾಕೆಂದರೆ ಕರಗುತ್ತಿರುವುದು ಜ್ಯಾಗ್! ನಾನು ಒಂದಿಡೀ ಮಧ್ಯಾಹ್ನ ಹಾಗೆ ಕಳೆದಿದ್ದೇನೆ. ರಾಡ್ ಹಾಕುವುದು ಹಿಂದಿನಿಂದ, ಬೋರ್ ಗೈಡ್ (ರಾಡ್ ನೇರ ಹೋಗಲು ಇಡುವ ಕೊಳವೆ) ಇಟ್ಟು. ಮೂತಿಯಿಂದ ಹಾಕಿದರೆ ಕ್ರೌನ್ ಸವೆಯುತ್ತದೆ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಅಂಚು ಅದು. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಮೂತಿಯೊಳಗೆ ಹಾಕಿ ಸುತ್ತಲೂ ಹೊರಕ್ಕೆ ಸವರಿ. ಒಂದೇ ಜಾಗದಲ್ಲಿ ಪದೇ ಪದೇ ಎಳೆ ಸಿಕ್ಕಿಕೊಂಡರೆ ಅಲ್ಲಿ ಮುಳ್ಳಿದೆ. ಕ್ರೌನ್ ಮತ್ತೆ ಕಡೆಸುವುದು ಗನ್‌ಸ್ಮಿತ್‌ಗೆ ಸಣ್ಣ ಕೆಲಸ. ಹೊಸ ಬ್ಯಾರೆಲ್ ಖರ್ಚಿನ ಮುಂದೆ ಏನೂ ಅಲ್ಲ.

ಇಷ್ಟು ಹೊತ್ತು ರೈಫಲ್ ಬಗ್ಗೆ ಮಾತಾಡಿದೆವು. ಬೇಜಾರು ಮಾಡಿಕೊಳ್ಳಬೇಡಿ, ಈಗ ನಿಮ್ಮ ಬಗ್ಗೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ರೇಂಜ್‌ನಲ್ಲಿ ದಿನಾ ನೆನಪಾಗುತ್ತದೆ. ಹಗುರ ರೈಫಲ್, .308 ಒದೆತ, ಬಿಗಿ ಟ್ರಿಗರ್, ಈ ಮೂರೂ ಸೇರಿದರೆ ಎಂಥವರಿಗೂ ಕಣ್ಣು ಮುಚ್ಚುತ್ತದೆ, ಭುಜ ಮುಂದೆ ನುಗ್ಗುತ್ತದೆ. ರೇಂಜ್‌ನಲ್ಲೇ, ಮೂತಿ ಗುರಿಯ ಕಡೆಗಿರುವಾಗ, ಗೆಳೆಯರಿಗೆ ಹೇಳಿ ನಿಮಗೆ ಗೊತ್ತಾಗದ ಹಾಗೆ ಅಸಲಿ ತೋಟೆಗಳ ನಡುವೆ ಒಂದೆರಡು ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ತೋಟೆ) ಸೇರಿಸಿ ತುಂಬಿಸಿ. ಕ್ಲಿಕ್ ಅಂದಾಗ ಮೂತಿ ಕೆಳಗೆ ಧುಮುಕಿತಾ ಅಂತ ಅವರು ನೋಡಲಿ. ಧುಮುಕಿದರೆ ಕಾಯಿಲೆ ಗೊತ್ತಾಯಿತು. ಅದಕ್ಕೆ ಮದ್ದು ಮನೆಯಲ್ಲಿ ಖಾಲಿ ರೈಫಲ್‌ನಲ್ಲಿ ಮಾಡುವ ಡ್ರೈ ಫೈರ್, ಅಂದರೆ ತೋಟೆಯಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ. ನಿಮ್ಮ ರೈಫಲ್‌ಗೆ ಅದು ಸರಿಯಾ ಅಂತ ಪುಸ್ತಕ ನೋಡಿಕೊಳ್ಳಿ, ಸ್ನ್ಯಾಪ್ ಕ್ಯಾಪ್ ಹಾಕಿಕೊಂಡರೆ ಇನ್ನೂ ಒಳ್ಳೆಯದು.

ಬೆಂಚ್ ಮೇಲೆ ರೆಸ್ಟ್ ಇರಬೇಕಾದ್ದು ಸ್ಟಾಕ್ ಕೆಳಗೆ, ಆಕ್ಷನ್‌ಗೆ ಹತ್ತಿರ. ಬ್ಯಾರೆಲ್ ಯಾವುದಕ್ಕೂ ಒರಗಬಾರದು. ಹಿಂದೆ ಒಂದು ಮರಳು ಚೀಲ. ಅದನ್ನು ಹಿಸುಕಿ ಮೇಲೆ ಕೆಳಗೆ ಹೊಂದಿಸಿಕೊಳ್ಳಿ. ಕಣ್ಣು ಮುಚ್ಚಿ ಒಂದು ಉಸಿರು ಬಿಟ್ಟು ತೆರೆದಾಗ ಕ್ರಾಸ್‌ಹೇರ್ ಗುರಿಯ ಮೇಲೇ ಇರಬೇಕು. ಆಚೀಚೆ ಹೋಗಿದ್ದರೆ ನೀವು ಸ್ನಾಯು ಬಳಸಿ ತಳ್ಳುತ್ತಿದ್ದೀರಿ. ರೈಫಲ್ ತಳ್ಳಬೇಡಿ, ಎದ್ದು ಕುರ್ಚಿ ಸರಿಸಿ. ಸದ್ದಾದ ಮೇಲೂ ಟ್ರಿಗರ್ ಹಿಡಿದೇ ಇರಿ, ಬೆರಳು ಥಟ್ಟನೆ ಬಿಡಬೇಡಿ. ಒದೆತ ಕಡಿಮೆ ಮಾಡಲು ಮೂತಿಗೆ ಬ್ರೇಕ್ (ಅನಿಲವನ್ನು ಪಕ್ಕಕ್ಕೆ ತಿರುಗಿಸುವ ತುಂಡು) ಹಾಕಿಸುವವರಿದ್ದಾರೆ. ಒದೆತ ಇಳಿಯುವುದು ನಿಜ, ಆದರೆ ಸದ್ದು ನಿಮ್ಮ ಮತ್ತು ಪಕ್ಕದವರ ಕಿವಿಗೆ ತಿರುಗುತ್ತದೆ. 140 ಡೆಸಿಬಲ್ ದಾಟಿದರೆ ಒಂದೇ ಸದ್ದಿಗೆ ಕಿವಿ ಹಾಳಾಗಬಹುದು, ಈ ರೈಫಲ್‌ಗಳು ಬ್ರೇಕ್ ಇಲ್ಲದೆಯೂ ಅದನ್ನು ದಾಟುತ್ತವೆ. ನಾನಾದರೆ ಹಿಂಭಾಗಕ್ಕೆ ಒಂದು ಮೆತ್ತನೆಯ ಪ್ಯಾಡ್ ಹಾಕಿಸುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ಹದಿನೈದು ಗುಂಡಿನ ಹಾಳೆ 3 ಎಂಒಎ ದಾಟಿದರೆ ಆಗ ಬ್ಯಾರೆಲ್ ಮಾತು ಎತ್ತೋಣ. ಅದರಲ್ಲೂ ರೈಫಲ್‌ನ ವಿನ್ಯಾಸ ನೋಡಬೇಕು. 1958ರಲ್ಲಿ ಬಂದ ಸ್ಯಾವೇಜ್ 110 ಮಾದರಿಯಲ್ಲಿ ಬ್ಯಾರೆಲ್ ಅನ್ನು ಒಂದು ನಟ್ ಹಿಡಿದಿರುತ್ತದೆ. ಆ ಪದ್ಧತಿಯ ರೈಫಲ್‌ಗಳಿಗೆ ಮೊದಲೇ ಕಡೆದಿಟ್ಟ ಬ್ಯಾರೆಲ್ ಸಿಗುತ್ತದೆ, ಗೋ ಮತ್ತು ನೋ-ಗೋ ಗೇಜ್ (ಅಳತೆ ತುಂಡುಗಳು) ಇಟ್ಟು ಹೆಡ್‌ಸ್ಪೇಸ್ (ಬೋಲ್ಟ್ ಮುಖಕ್ಕೂ ಚೇಂಬರ್‌ನಲ್ಲಿ ತೋಟೆ ತಡೆದು ನಿಲ್ಲುವ ಜಾಗಕ್ಕೂ ನಡುವಿನ ಅಂತರ) ಹೊಂದಿಸಿ ನಟ್ ಬಿಗಿಸುತ್ತಾರೆ. ಉಳಿದವಕ್ಕೆ ಲೇತ್ ಕೆಲಸ ಬೇಕು. ಆಗ ಖರ್ಚು ರೈಫಲ್ ಬೆಲೆಯನ್ನೇ ಮೀರಿ, ಮೂಗಿಗಿಂತ ಮೂಗುತಿ ಭಾರ ಆಗುತ್ತದೆ. ಹೆಡ್‌ಸ್ಪೇಸ್ ತಪ್ಪಿದರೆ ಚೇಂಬರ್‌ನಲ್ಲಿ ತೋಟೆಯ ಕೇಸ್ ಒಡೆದು ಬಿಸಿ ಅನಿಲ ನಿಮ್ಮ ಮುಖದ ಕಡೆ ಬರಬಹುದು. ಅನೇಕ ದೇಶಗಳಲ್ಲಿ ಬ್ಯಾರೆಲ್ ಕೊಳ್ಳಲೂ ಲೈಸೆನ್ಸ್ ಬೇಕು. ಹಾಗಾಗಿ ಇದು ಮನೆಯಲ್ಲಿ ಕೂತು ಮಾಡುವ ಕೆಲಸ ಅಲ್ಲ.

ಈ ವಾರ ಸ್ಕ್ರೂ, ಬೇಸ್ ಮತ್ತು ಕಾಗದದ ಪಟ್ಟಿ, ಇವು ಮೂರು ಮುಗಿಸಿ. ಗಾಳಿ ಇಲ್ಲದ ಬೆಳಗ್ಗೆ ರೇಂಜ್‌ಗೆ ಹೋಗಿ. ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಇದ್ದರೆ .308 ಗುಂಡು 100 ಮೀಟರ್‌ನಲ್ಲೇ ಸುಮಾರು 2 ಸೆಂ.ಮೀ. ಪಕ್ಕಕ್ಕೆ ಸರಿಯುತ್ತದೆ. ಐದು ಹಾಳೆ ಹೊಡೆದು, ಪ್ರತಿ ತೂತಿನ ಪಕ್ಕ ಅದು ಎಷ್ಟನೇ ಗುಂಡು ಅಂತ ಬರೆದು ನನಗೆ ಕಳಿಸಿ. ತೂತುಗಳು ಎರಡು ಗುಂಪಾಗಿ ಬೇರೆ ಬೇರೆ ಕೂತಿದ್ದರೆ ನಾನು ಮತ್ತೆ ಸ್ಕೋಪ್ ಕಡೆ ಬೆರಳು ತೋರಿಸುತ್ತೇನೆ. ಮೂರನೆಯದು ಪ್ರತಿ ಸಲ ಮೇಲಕ್ಕೇ ಹತ್ತುತ್ತಿದ್ದರೆ ಬ್ಯಾರೆಲ್ ಕಾಯ್ದು ಎಲ್ಲೋ ತಗಲುತ್ತಿದೆ. ಪಕ್ಕಕ್ಕೆ ಹರಡಿದ್ದರೆ ಟ್ರಿಗರ್ ಮೇಲಿನ ನಿಮ್ಮ ಬೆರಳಿನ ಒಂದು ಫೋಟೋ ಕೂಡ ಕಳಿಸಿ, ಖಾಲಿ ರೈಫಲ್‌ನಲ್ಲಿ ತೆಗೆದದ್ದು.